ಶಿವಮೊಗ್ಗ ಮತ್ತು ಭದ್ರಾವತಿ: ಎರಡು ನಗರಗಳ ಬೆಳವಣಿಗೆಯ ತೌಲನಿಕ ಅಧ್ಯಯನ

ಕರ್ನಾಟಕದ ನಗರ ಚರಿತ್ರೆಯಲ್ಲಿ ಹುಬ್ಬಳ್ಳಿ–ಧಾರವಾಡಗಳ ಜೋಡಿ ವಿದ್ವಾಂಸರ ಗಮನವನ್ನು ಸೆಳೆದಷ್ಟು ಶಿವಮೊಗ್ಗ–ಭದ್ರಾವತಿಗಳ ಜೋಡಿ ಸೆಳೆದಿಲ್ಲ. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿರುವ ಈ ಎರಡು ನಗರಗಳು ಒಂದೇ ಜಿಲ್ಲೆಗೆ ಸೇರಿದವು. ಒಂದೇ ರೈಲು ಮಾರ್ಗದ ಮೇಲಿರುವಂಥವು. ತುಂಗೆಯ ದಡದಲ್ಲಿ ಶಿವಮೊಗ್ಗ, ಭದ್ರೆಯ ದಡದಲ್ಲಿ ಭದ್ರಾವತಿ ಬೆಳೆದವು. 1971ರ ಜನಗಣತಿಯಲ್ಲಿ ಎರಡೂ ಒಂದು ಲಕ್ಷದ ಗಡಿಯನ್ನು ದಾಟಿ ಹೆಚ್ಚುಕಡಿಮೆ ಸಮಾನ ಗಾತ್ರದ ನಗರಗಳಾಗಿದ್ದವು. ನಲವತ್ತು ವರ್ಷಗಳ ಅನಂತರ, 2011ರಲ್ಲಿ, ಶಿವಮೊಗ್ಗದ ಜನಸಂಖ್ಯೆ ಭದ್ರಾವತಿಯ ಎರಡು ಪಟ್ಟನ್ನು ಮೀರಿತ್ತು. ಈ ಅಂತರ ಹೇಗೆ ಉಂಟಾಯಿತು, ಗಾತ್ರದ ಅಂತರವು ಬದುಕಿನ ಗುಣಮಟ್ಟದ ಅಂತರವೂ ಹೌದೇ ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆಡಳಿತ ಮತ್ತು ವ್ಯಾಪಾರದ ನಗರ

ಶಿವಮೊಗ್ಗದ ಬೆಳವಣಿಗೆಗೆ ಮೂಲ ಕಾರಣ ಅದರ ಸ್ಥಾನ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿ ಅದು ನೆಲೆಸಿದೆ. ಕೆಳದಿ ಅರಸರ ಆಳ್ವಿಕೆಯಲ್ಲಿ ಕೋಟೆಯ ಊರಾಗಿದ್ದ ಶಿವಮೊಗ್ಗ, 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡ ಮೇಲೆ ಮೈಸೂರಿನ ಆಡಳಿತಕ್ಕೆ ಒಳಪಟ್ಟಿತು. 1831ರ ಅನಂತರದ ಕಮಿಷನರುಗಳ ಆಡಳಿತದಲ್ಲಿ ನಗರ ವಿಭಾಗದ ಕೇಂದ್ರಸ್ಥಾನವಾದಾಗ ಅದರ ಪ್ರಾಮುಖ್ಯ ಖಚಿತಗೊಂಡಿತು. ಕಚೇರಿ ಬಂದ ಊರಿಗೆ ವಕೀಲರು, ಗುಮಾಸ್ತರು, ಅಧ್ಯಾಪಕರು, ವರ್ತಕರು ಬಂದರು. 1899ರಲ್ಲಿ ಬೀರೂರಿನಿಂದ ರೈಲು ಬಂದಿತು. 1940ರ ವೇಳೆಗೆ ಆ ಮಾರ್ಗ ಕುಂಸಿ, ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪದವರೆಗೆ ವಿಸ್ತರಿಸಿತು.

ವ್ಯಾಪಾರದಲ್ಲಿ ಅಡಿಕೆಯದೇ ಅಗ್ರಸ್ಥಾನ. 1939ರಲ್ಲಿ ಸ್ಥಾಪನೆಯಾದ ಮಲ್ನಾಡ್ ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಬೆಳೆಗಾರನಿಗೂ ಮಂಡಿಗೂ ನಡುವಣ ಸಂಬಂಧಕ್ಕೆ ಸಹಕಾರಿ ರೂಪವನ್ನು ಕೊಟ್ಟಿತು. 1930ರಲ್ಲಿ ಆರಂಭವಾದ ಕರ್ನಾಟಕ ಸಂಘವೂ 1940ರಲ್ಲಿ ಆರಂಭಗೊಂಡು ಮುಂದೆ ಸಹ್ಯಾದ್ರಿ ಕಾಲೇಜೆಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಯೂ ಊರಿನ ಸಾಂಸ್ಕೃತಿಕ ಸ್ವರೂಪವನ್ನು ರೂಪಿಸಿದವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಿವಮೊಗ್ಗವು ಯಾವ ಒಂದು ಉದ್ಯಮವನ್ನೂ ನೆಚ್ಚಿಕೊಂಡು ಬೆಳೆಯಲಿಲ್ಲ. ಕಚೇರಿ, ಮಂಡಿ, ಶಾಲೆ, ಆಸ್ಪತ್ರೆ, ನ್ಯಾಯಾಲಯಗಳು ಪ್ರತ್ಯೇಕವಾಗಿ ದೊಡ್ಡ ಸಂಗತಿಗಳಲ್ಲದಿದ್ದರೂ ಒಟ್ಟಾಗಿ ಸುತ್ತಲಿನ ತಾಲ್ಲೂಕುಗಳ ಜನರನ್ನು ನಿತ್ಯವೂ ಅಲ್ಲಿಗೆ ಬರುವಂತೆ ಮಾಡಿದವು.

ಕುಲುಮೆಯ ನಗರ

ಭದ್ರಾವತಿಯ ಪೂರ್ವದ ಹೆಸರು ಬೆಂಕಿಪುರ. ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯವು ಈ ಊರಿನ ಪ್ರಾಚೀನತೆಗೆ ಸಾಕ್ಷಿಯಾಗಿದೆ. ಆದರೆ ಆಧುನಿಕ ಭದ್ರಾವತಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಸರಕಾರದ ಒಂದು ತೀರ್ಮಾನದಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ (1912–1918) ರೂಪುಗೊಂಡ ಯೋಜನೆಯಂತೆ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು, ಮಲೆನಾಡಿನ ಕಾಡಿನ ಸೌದೆ ಇವು ಮೂರೂ ಕೂಡುವ ಸ್ಥಳವೆಂಬುದೇ ಭದ್ರಾವತಿಯ ಆಯ್ಕೆಗೆ ಕಾರಣವಾಯಿತು. ಕಲ್ಲಿದ್ದಲಿನ ಬದಲು ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸುವ ವಿಧಾನವನ್ನು ಅಲ್ಲಿ ಅನುಸರಿಸಲಾಯಿತು. ಆರಂಭದ ವರ್ಷಗಳ ನಷ್ಟದ ನಡುವೆ ಕಾರ್ಖಾನೆಯ ಹೊಣೆಯನ್ನು ವಿಶ್ವೇಶ್ವರಯ್ಯನವರೇ ವಹಿಸಿಕೊಂಡು 1929ರವರೆಗೆ ನಿರ್ವಹಿಸಿದರು. 1936ರಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು.

ಹೀಗೆ ಭದ್ರೆಯ ದಡದಲ್ಲಿ ಎರಡು ಕಾರ್ಖಾನೆಗಳೂ ಅವುಗಳ ಸುತ್ತ ಎರಡು ವಸತಿ ಪ್ರದೇಶಗಳೂ ಬೆಳೆದವು. ನ್ಯೂಟೌನ್ ಮತ್ತು ಪೇಪರ್ ಟೌನ್ ಎಂಬ ಹೆಸರುಗಳೇ ಊರಿನ ಸ್ವರೂಪವನ್ನು ಸೂಚಿಸುತ್ತವೆ. ಕನ್ನಡಿಗರೊಂದಿಗೆ ತಮಿಳು, ತೆಲುಗು ಮೊದಲಾದ ಭಾಷೆಗಳನ್ನಾಡುವ ಕಾರ್ಮಿಕ ಕುಟುಂಬಗಳು ನೆಲೆಸಿ, ಮಲೆನಾಡಿನ ಮಡಿಲಲ್ಲಿ ಬಹುಭಾಷಿಕ ಕಾರ್ಮಿಕ ಸಮಾಜವೊಂದು ರೂಪುಗೊಂಡಿತು. 1965ರಲ್ಲಿ ಆಕಾಶವಾಣಿ ಕೇಂದ್ರ ಸ್ಥಾಪನೆಯಾದದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಭದ್ರಾವತಿಯಲ್ಲಿ. ಅಂದಿನ ದಿನಗಳಲ್ಲಿ ಭದ್ರಾವತಿಗಿದ್ದ ಸ್ಥಾನಮಾನವನ್ನು ಇದರಿಂದ ಊಹಿಸಬಹುದು.

ಆಯನೂರಿನ ಕಡೆಯಿಂದ

ಎರಡು ನಗರಗಳ ಹೋಲಿಕೆ ನಗರಗಳೊಳಗಿನಿಂದಷ್ಟೇ ನಡೆದರೆ ಅಪೂರ್ಣ. ಅವುಗಳನ್ನು ಪೋಷಿಸಿದ ಹಳ್ಳಿಗಳ ಕಡೆಯಿಂದಲೂ ನೋಡಬೇಕಾಗುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಶೆಟ್ಟಿಹಳ್ಳಿ ಅರಣ್ಯದ ನೆರೆಯಲ್ಲಿರುವ ಆಯನೂರು ಶಿವಮೊಗ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಭದ್ರಾವತಿಯಿರುವುದು ಶಿವಮೊಗ್ಗದ ಇನ್ನೊಂದು ಮಗ್ಗುಲಿನಲ್ಲಿ. ಆದುದರಿಂದ ಆಯನೂರಿನವರಿಗೆ ಶಿವಮೊಗ್ಗ ಮೊದಲು ಸಿಗುವ ಪೇಟೆ. ಭದ್ರಾವತಿ ಅದನ್ನು ದಾಟಿ ತಲುಪಬೇಕಾದ ಊರು. ಪಹಣಿ, ವ್ಯಾಜ್ಯ, ಫಸಲಿನ ಮಾರಾಟ, ಮಕ್ಕಳ ಓದು, ಕಾಯಿಲೆಗೆ ಮೆಗ್ಗಾನ್ ಆಸ್ಪತ್ರೆ ಹೀಗೆ ಹಲವು ಕಾರಣಗಳಿಗೆ ಶಿವಮೊಗ್ಗದ ಹಾದಿ ಹಿಡಿಯಬೇಕು. ಭದ್ರಾವತಿಯ ಹಾದಿಗಾದರೋ ಒಂದೇ ಕಾರಣ, ಕಾರ್ಖಾನೆಯ ಕೆಲಸ.

ಇನ್ನೊಂದು ಸಂಬಂಧವೂ ಉಂಟು. ಮಲೆನಾಡಿನ ಹೊಲ ತೋಟಗಳ ಫಲ ಶಿವಮೊಗ್ಗದ ಮಂಡಿಗೆ ಹೋದರೆ, ಕಾಡಿನ ಮರ ಭದ್ರಾವತಿಯ ಕಾರ್ಖಾನೆಗಳಿಗೆ ಹೋಯಿತು. ಮೊದಲು ಇದ್ದಿಲಿಗಾಗಿ, ಅನಂತರ ಕಾಗದದ ತಿರುಳಿಗಾಗಿ ಕಾಡು ಬಳಕೆಯಾಯಿತು. 1980ರಲ್ಲಿ ಕಾಗದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ನಲವತ್ತು ವರ್ಷಗಳ ಅವಧಿಗೆ ಗುತ್ತಿಗೆ ಕೊಟ್ಟ ಮೇಲೆ ಜಿಲ್ಲೆಯ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ತೋಪುಗಳು ಹಬ್ಬಿದವು. ಕಾರ್ಖಾನೆಯ ಬೆಳವಣಿಗೆಯ ವೆಚ್ಚದಲ್ಲಿ ಒಂದು ಪಾಲನ್ನು ಕಾಡಂಚಿನ ಹಳ್ಳಿಗಳು ತೆತ್ತಿವೆ ಎಂಬುದು ಭದ್ರಾವತಿಯ ಚರಿತ್ರೆಯ ಅವಿಭಾಜ್ಯ ಅಂಶ.

ಅಂಕಿಗಳ ಅರ್ಥ

2001ರಲ್ಲಿ ಶಿವಮೊಗ್ಗದ ಜನಸಂಖ್ಯೆ ಸುಮಾರು 2.74 ಲಕ್ಷ, ಭದ್ರಾವತಿಯದು ಸುಮಾರು 1.60 ಲಕ್ಷ. 2011ರಲ್ಲಿ ಅವು ಕ್ರಮವಾಗಿ 3.22 ಲಕ್ಷ ಮತ್ತು 1.51 ಲಕ್ಷ. ಒಂದು ದಶಕದಲ್ಲಿ ಶಿವಮೊಗ್ಗ ಶೇಕಡಾ 17ರಷ್ಟು ಬೆಳೆದರೆ, ಭದ್ರಾವತಿ ಶೇಕಡಾ 6ರಷ್ಟು ಕುಗ್ಗಿತು. ನಗರದ ಮಿತಿ ವಿಸ್ತರಿಸಿದಾಗ ಸುತ್ತಲಿನ ಹಳ್ಳಿಗಳ ಜನರೂ ನಗರದ ಲೆಕ್ಕಕ್ಕೆ ಸೇರುವುದರಿಂದ ಏರಿಕೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇಳಿಕೆಗೆ ಅಂತಹ ವಿವರಣೆ ಸುಲಭವಾಗಿ ದೊರೆಯುವುದಿಲ್ಲ.

ಈ ಇಳಿಕೆಯ ಕಾಲವನ್ನು ವಿಶೇಷವಾಗಿ ಗಮನಿಸಬೇಕು. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತದ್ದು 2015ರಲ್ಲಿ. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲಿ ವಿಲೀನಗೊಂಡ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾದದ್ದು 2023ರ ಜನವರಿಯಲ್ಲಿ, ಉತ್ಪಾದನೆ ಆರಂಭವಾಗಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ. ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಕೆಲವು ಘಟಕಗಳು ಮತ್ತೆ ಕೆಲಸವನ್ನಾರಂಭಿಸಿದವು. ಅಂದರೆ ಯಂತ್ರಗಳು ನಿಲ್ಲುವ ಮೊದಲೇ ಊರು ಕುಗ್ಗತೊಡಗಿತ್ತು. ನಿವೃತ್ತನಾದವನ ಜಾಗಕ್ಕೆ ಹೊಸಬನ ನೇಮಕವಾಗದೆ, ಕಾಯಂ ಕೆಲಸದ ಸ್ಥಾನವನ್ನು ಗುತ್ತಿಗೆಯ ಕೆಲಸ ಆಕ್ರಮಿಸಿದಾಗ, ಎರಡನೆಯ ತಲೆಮಾರು ಬೇರೆ ಊರುಗಳಿಗೆ ಹೋಗುವುದು ಸಹಜ.

ಬದುಕಿನ ಗುಣಮಟ್ಟ

ಗಾತ್ರವನ್ನೇ ಮಾನದಂಡವಾಗಿ ಹಿಡಿದರೆ ಭದ್ರಾವತಿಗೆ ಅನ್ಯಾಯವಾಗುತ್ತದೆ. ಕಾರ್ಖಾನೆಯ ಏಳಿಗೆಯ ಕಾಲದಲ್ಲಿ ಅಲ್ಲಿನ ಕಾರ್ಮಿಕನಿಗೆ ವಸತಿಗೃಹ, ನೀರು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ನಿಶ್ಚಿತ ಸಂಬಳ, ನಿವೃತ್ತಿಯ ಭದ್ರತೆ ಇದ್ದವು. ಇವೆಲ್ಲವೂ ಒಟ್ಟಿಗೆ ಲಭ್ಯವಾಗುವುದು ಶಿವಮೊಗ್ಗದ ಹಮಾಲಿಗೂ ಅಂಗಡಿಯ ನೌಕರನಿಗೂ ಸುಲಭವಿರಲಿಲ್ಲ. ಶ್ರಮಜೀವಿಯ ದೃಷ್ಟಿಯಿಂದ ನೋಡಿದರೆ ಆ ಕಾಲಕ್ಕೆ ಭದ್ರಾವತಿಯೇ ಮೇಲು ಎನ್ನಬೇಕಾಗುತ್ತದೆ.

ಆದರೆ ಆ ಸೌಕರ್ಯಗಳು ಕಾರ್ಖಾನೆಯವು, ಊರಿನವಲ್ಲ. ನೌಕರಿಯೊಂದಿಗೆ ಬಂದ ಮನೆ ನೌಕರಿಯೊಂದಿಗೇ ಹೋಗುವಂಥದು. ಕಾರ್ಖಾನೆ ಸೊರಗಿದಾಗ ಅದರ ಆಸ್ಪತ್ರೆಯೂ ಶಾಲೆಯೂ ಸೊರಗುತ್ತವೆ. ಶಿವಮೊಗ್ಗದ ಸೌಕರ್ಯಗಳು ನಿಧಾನವಾಗಿ, ಅಸಮವಾಗಿ ಬೆಳೆದರೂ ಸಾರ್ವಜನಿಕ ಸಂಸ್ಥೆಗಳಲ್ಲಿ ಬೇರೂರಿದವು. 2013ರಲ್ಲಿ ಶಿವಮೊಗ್ಗ ಮಹಾನಗರ ಪಾಲಿಕೆಯಾಯಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಒಂದು ಸವಲತ್ತು ಮತ್ತೊಂದನ್ನು ಸೆಳೆಯುವ ಈ ಕ್ರಮದಲ್ಲಿ ನಗರಸಭೆಯಾಗಿಯೇ ಉಳಿದ ಭದ್ರಾವತಿ ಹಿಂದೆ ಬಿದ್ದಿತು. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ಆವರಣ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದ್ದರೂ ಲೋಕದ ಮಾತಿನಲ್ಲಿ ಅದು ಶಿವಮೊಗ್ಗದ ವಿಶ್ವವಿದ್ಯಾಲಯವೇ ಆಗಿದೆ.

ಸಮಾರೋಪ

ಎರಡು ನಗರಗಳ ನಡುವಣ ಪೈಪೋಟಿಯ ಮಾತು ಜನರ ಆಡುಮಾತಿನಲ್ಲಿದ್ದರೂ, ಚರಿತ್ರೆ ತೋರಿಸುವುದು ಪೈಪೋಟಿಗಿಂತ ಹೆಚ್ಚಾಗಿ ಕೆಲಸದ ಹಂಚಿಕೆಯನ್ನು. ಒಂದು ಊರು ಉತ್ಪಾದಿಸಿತು, ಇನ್ನೊಂದು ವಿನಿಮಯ ಮಾಡಿತು. ಎರಡಕ್ಕೂ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿರುವುದೂ 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣವು ಎರಡು ಊರುಗಳಿಗೂ ಸಮೀಪವಾಗಿರುವುದೂ ಈ ಪರಸ್ಪರ ಅವಲಂಬನೆಗೆ ನಿದರ್ಶನಗಳು. ಒಂದೇ ವರ್ಷದ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ, ಫೆಬ್ರವರಿಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ನಡೆದವು. ಹೊಸ ಸಂಪರ್ಕ ಸಾಧನಗಳು ಹಳೆಯ ಉದ್ಯೋಗಗಳ ಸ್ಥಾನವನ್ನು ತಾವಾಗಿಯೇ ತುಂಬಲಾರವು. ಭದ್ರಾವತಿಯ ಕುಶಲ ಕಾರ್ಮಿಕ ಪರಂಪರೆಗೆ ಬೇರೊಂದು ನೆಲೆ ದೊರೆಯದಿದ್ದರೆ ಶಿವಮೊಗ್ಗದ ಬೆಳವಣಿಗೆಯೂ ಕೇವಲ ಬಡಾವಣೆಗಳ ಬೆಳವಣಿಗೆಯಾಗಿ ಉಳಿಯುವ ಸಾಧ್ಯತೆಯಿದೆ. ನಗರವೊಂದರ ಬಾಳಿಕೆಯನ್ನು ಅಳೆಯುವಾಗ ಅದರ ಜನಸಂಖ್ಯೆಯೊಂದಿಗೆ, ಅಲ್ಲಿ ದುಡಿದವನ ಮಕ್ಕಳಿಗೆ ಅಲ್ಲಿಯೇ ಬದುಕು ದೊರೆಯುವುದೇ ಎಂಬುದನ್ನೂ ಕೇಳಬೇಕೆಂಬುದು ಈ ಎರಡು ನಗರಗಳ ಚರಿತ್ರೆಯಿಂದ ದೊರೆಯುವ ತಿಳಿವಳಿಕೆ.