ಹಂಪೆಯ ಕಲ್ಲುಸೇತುವೆ

ವಿಜಯನಗರ ಕಾಲದ ಸೇತುವೆಯೊಂದರ ಅವಶೇಷ. ಹಂಪೆಯ ವಿಜಯವಿಠ್ಠಲ ದೇವಾಲಯ ಮತ್ತು ಪುರಂದರ ಮಂಟಪದ ಸಮೀಪ, ತುಂಗಭದ್ರೆಯ ಪಾತ್ರದಲ್ಲಿ ಇದರ ಕಂಬಗಳು ಸಾಲಾಗಿ ನಿಂತಿವೆ. ದಕ್ಷಿಣ ದಂಡೆಯ ರಾಜಧಾನಿಗೂ ಉತ್ತರ ದಂಡೆಯ ಆನೆಗೊಂದಿ ಸೀಮೆಗೂ ಇದು ಸಂಪರ್ಕ ಕಲ್ಪಿಸಿತ್ತು. ವಿರೂಪಾಪುರ ಗಡ್ಡೆಯ ಬಳಿಯ ಬುಕ್ಕನ ಮೇಲ್ಗಾಲುವೆ ಬೇರೆ; ಅದು ನೀರು ಸಾಗಿಸಲು ಕಟ್ಟಿದ್ದು.

ರಚನೆ

ಇಲ್ಲಿ ಕಮಾನುಗಳಿಲ್ಲ. ನಯಮಾಡದ ಕಣಶಿಲೆಯ ಕಂಬಗಳು, ಅವುಗಳ ಮೇಲೆ ಅಡ್ಡತೊಲೆ, ತೊಲೆಗಳ ಮೇಲೆ ಚಪ್ಪಡಿ ಹಾಸು: ಇದು ಮಂಟಪ ಕಟ್ಟುವ ಕ್ರಮವೇ. ಕಮಲಮಹಲು, ಆನೆಲಾಯಗಳಲ್ಲಿ ಕಮಾನು ಬಳಸಿದ ನಗರ ಹೊಳೆಯಲ್ಲಿ ಕಂಬ-ತೊಲೆಯನ್ನು ನೆಚ್ಚಿಕೊಂಡಿತು. ಕಣಶಿಲೆ ಭಾರ ಹೊರಬಲ್ಲದು, ಆದರೆ ಬಾಗುವ ಒತ್ತಡವನ್ನು ಅಷ್ಟಾಗಿ ತಾಳದು. ತೊಲೆ ಉದ್ದವಾದಷ್ಟೂ ನಡುವೆ ಮುರಿಯುವ ಅಪಾಯ ಹೆಚ್ಚು. ಹೀಗಾಗಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಹತ್ತಿರ ನಿಲ್ಲಿಸಿದರೆ ನೆರೆಯಲ್ಲಿ ತೇಲಿಬಂದ ಮರಮುಟ್ಟು ಅವುಗಳ ನಡುವೆ ಸಿಕ್ಕಿ, ನೀರಿನ ಒತ್ತಡ ಹೆಚ್ಚುತ್ತದೆ. ಮೇಲಿನ ಹಾಸು ಹೋಗಿ ಕಂಬಗಳಷ್ಟೇ ಉಳಿದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಈ ವಿಧಾನ ವಿಜಯನಗರದೊಂದಿಗೆ ಅಳಿಯಲಿಲ್ಲ: ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯೂ ಕಲ್ಲುಕಂಬ, ಕಲ್ಲುತೊಲೆಗಳದ್ದೇ.

ಸಂಚಾರ

ಆ ಕಾಲದ ಸರಕು ಹೆಚ್ಚಾಗಿ ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿತ್ತು. ಸೇತುವೆ ದಾಟಿ ಆನೆಗೊಂದಿಯಿಂದ ಉತ್ತರಕ್ಕೆ ಹೋದರೆ ತುಂಗಭದ್ರೆ, ಕೃಷ್ಣೆಗಳ ನಡುವಿನ ರಾಯಚೂರು ದೋಆಬು. ಕೃಷ್ಣೆ ದಾಟಿದರೆ ತಿಂಥಣಿ, ಸುರಪುರದ ನೆಲ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಜನ ಚರ್ಮ ಹೊದಿಸಿದ ದುಂಡು ಹರಿಗೋಲುಗಳಲ್ಲಿ ಆನೆಗೊಂದಿಗೆ ದಾಟುತ್ತಿದ್ದರೆಂದೂ, ಕುದುರೆ, ಎತ್ತುಗಳು ಬಹುಮಟ್ಟಿಗೆ ಈಜಿಯೇ ದಾಟುತ್ತಿದ್ದವೆಂದೂ ಬರೆದಿದ್ದಾನೆ. ಅಷ್ಟರಲ್ಲಿ ಸೇತುವೆ ಕೆಟ್ಟಿತ್ತೆಂದು ಇದರಿಂದ ಊಹಿಸಬಹುದು. ಆದರೆ ಅವನು ಕಂಡದ್ದು ಬೇರೆ ಕಡವೂ ಆಗಿರಬಹುದಾದ್ದರಿಂದ ಇಷ್ಟನ್ನೇ ಆಧರಿಸಿ ಕಾಲ ನಿರ್ಣಯಿಸುವುದು ಸರಿಯಲ್ಲ.

ಸಂರಕ್ಷಣೆ

ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಹೊಸ ಸೇತುವೆ ಕಾಮಗಾರಿಯೇ ಮುಖ್ಯ ಕಾರಣವಾಗಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿ, 2006ರಲ್ಲಿ ಆ ಅಪಾಯದ ಪಟ್ಟಿಯಿಂದ ಹೊರಬಂತು. ಆ ಹೊಸ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ. ಹಳೆಯ ಕಂಬಗಳೂ ಅದೇ ಸೆಳವಿಗೆ ಎದುರಾಗಿವೆ. ಹೊಸ ತೊಲೆ ಕೂರಿಸುವುದಕ್ಕಿಂತ ಕಂಬಗಳ ಬುಡ ಕಾಯುವುದು ಇಲ್ಲಿ ಮುಖ್ಯ.