ಗುಣವಾಗದ ಕಾಯಿಲೆ, ಉಳಿದ ನಂಬಿಕೆ: ನೀಲಗಿರಿಯ ಕೇತಿಯಿಂದ ಕೆಲವು ಟಿಪ್ಪಣಿಗಳು

  ಗಡಿಯಾಚೆಯ ಕನ್ನಡ ಅಂದಾಗ ನಾವು ಸಾಮಾನ್ಯವಾಗಿ ಶಾಲೆ, ಆಡಳಿತ ಭಾಷೆ, ಗಡಿ ವಿವಾದಗಳ ಬಗ್ಗೆ ಮಾತಾಡುತ್ತೇವೆ. ಗಡಿಯಾಚೆಯ ಜನ ಕನ್ನಡದಲ್ಲಿ ಹೇಗೆ ಪ್ರಾರ್ಥಿಸಿದರು, ಆ ಪ್ರಾರ್ಥನೆ ಫಲಿಸದೇ ಹೋದಾಗ ಯಾವ ಮಾತಿನಿಂದ ತಮ್ಮನ್ನು ಹಿಡಿದುಕೊಂಡರು ಅನ್ನುವುದೂ ಭಾಷೆಯ ಚರಿತ್ರೆಯೇ. ಇವತ್ತು ಅದನ್ನು ಹೇಳಲು ಪ್ರಯತ್ನ ಮಾಡ್ತೀನಿ.

ನನ್ನದು ನೀಲಗಿರಿ. ಮನೆಯಲ್ಲಿ ಬಡಗು, ಶಾಲೆಯಲ್ಲಿ ತಮಿಳು. ಓದುವ ಕನ್ನಡ ಕಲಿತದ್ದು ಮೈಸೂರಿಗೆ ಬಂದ ಮೇಲೆ. ಆದರೆ ನಮ್ಮ ಅಜ್ಜಿಯ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ಒಂದು ಹಳೆಯ ಕನ್ನಡ ಬೈಬಲ್ ಇತ್ತು. ಅದನ್ನು ಓದಬಲ್ಲವರು ಅಜ್ಜಿಯ ತಲೆಮಾರಿಗೇ ಮುಗಿದಿದ್ದರು. ಬಡಗು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಅನ್ನುವ ಚರ್ಚೆ ದೊಡ್ಡದು, ಅದಕ್ಕೆ ಇವತ್ತು ಕೈ ಹಾಕಲ್ಲ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವನ್ನು ಮೊದಲೇ ಹೇಳಿಬಿಡಬೇಕು. ಅಪ್ಪನಿಗೆ ಕಿಡ್ನಿ ಹೋಗಿತ್ತು. ಎರಡು ವರ್ಷ ಬೆಟ್ಟ ಇಳಿದು ಕೊಯಮತ್ತೂರಿಗೆ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದರು. ಆ ಎರಡು ವರ್ಷವೂ ಮನೆಯಲ್ಲಿ ದಿನಾ ಪ್ರಾರ್ಥನೆ ನಡೆಯಿತು. ಒಮ್ಮೆ ಹೊರಗಿನಿಂದ ಬಂದ ಪ್ರಾರ್ಥನಾ ತಂಡದ ಒಬ್ಬರು ಅಪ್ಪನ ತಲೆ ಮೇಲೆ ಕೈಯಿಟ್ಟು, ಎದ್ದು ಹೋಗುವಾಗ, ಈ ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು ಅಂದರು. ಆಮೇಲೆ ಅವ್ವೆ ಒಂದು ತಿಂಗಳು ರಾತ್ರಿ ಊಟ ಬಿಟ್ಟಳು. ಆ ‘ಯಾರೋ’ ತಾನೇ ಇರಬಹುದು ಅಂತ. ಅಪ್ಪ ಉಳಿಯಲಿಲ್ಲ. ಆ ಒಂದು ವಾಕ್ಯ ಮಾತ್ರ ಮನೆಯಲ್ಲಿ ಉಳಿದುಬಿಟ್ಟಿತು. ಅದು ಎಲ್ಲಿಂದ ಬಂತು, ನಮ್ಮ ಊರಿನ ಕ್ರೈಸ್ತ ಚರಿತ್ರೆಯಲ್ಲಿ ಅದಕ್ಕೆ ಬೇರೆ ಉತ್ತರ ಇತ್ತಾ ಅನ್ನುವುದು ನನ್ನ ಪ್ರಶ್ನೆ.

1. ಕೇತಿ ಮತ್ತು ಕನ್ನಡ

ಉದಕಮಂಡಲ ಮತ್ತು ಕೂನೂರಿನ ನಡುವಿನ ಕಣಿವೆ ಕೇತಿ. ಈಗ ಕೆಟ್ಟಿ ಅಂತಲೂ ಬರೆಯುತ್ತಾರೆ. 1846ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಕೆಲಸ ಶುರು ಮಾಡಿತು. ಅದಕ್ಕೆ ನೆರವಾದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಭಾಗವನ್ನು ಮಿಶನ್ನಿಗೆ ಬಿಟ್ಟುಹೋದರು. ಕನ್ನಡ ಸಾಹಿತ್ಯ ಓದುವ ನಮಗೆ ಈ ಹೆಸರು ಬೇರೆ ಕಾರಣಕ್ಕೆ ಮುಖ್ಯ. ಹರ್ಮನ್ ಮೋಗ್ಲಿಂಗ್ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ, ಅಂದರೆ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಅಚ್ಚಾದ ಆ ಮಾಲೆಗೆ, ಹಣದ ನೆರವು ಕೊಟ್ಟವರು ಇದೇ ಕಾಸಾಮೇಜರ್. ಮುದ್ರಿತ ಕನ್ನಡ ಕಾವ್ಯದ ಮೊದಲ ಅಧ್ಯಾಯದಲ್ಲಿ ನೀಲಗಿರಿಯ ದುಡ್ಡಿದೆ.

ಕೇತಿಯಲ್ಲಿ ಮೊದಲು ನೆಲೆಸಿದ ಪಾದ್ರಿ ಗಾಟ್‌ಫ್ರೀಡ್ ವೈಗ್ಲೆ. ಕನ್ನಡ ಹೊಸ ಒಡಂಬಡಿಕೆಯ ಪರಿಷ್ಕರಣೆಯಲ್ಲಿ ದೊಡ್ಡ ಪಾಲು ಅವರದು. ಅವರ ನಂತರ ಊರೂರು ನಡೆದು ಹೋಗಿ ಬಡಗರ ನಡುವೆ ದಶಕಗಳ ಕಾಲ ಓಡಾಡಿದವರು ಮೆಟ್ಜ್. ಬೋಧನೆಯ ಭಾಷೆ ಕನ್ನಡ. ಜನ ಕೇಳಿದರು, ಉಪಚರಿಸಿದರು, ಆದರೆ ಧರ್ಮ ಬದಲಿಸಲಿಲ್ಲ. ಮೊದಲ ಬಡಗರೊಬ್ಬರ ದೀಕ್ಷಾಸ್ನಾನ ಆದದ್ದು 1858ರಲ್ಲಿ, ಹನ್ನೆರಡು ವರ್ಷದ ನಂತರ.

2. ತಪ್ಪು ಯಾರದು?

ಆ ಕಾಲದ ಬೆಟ್ಟದ ಊರುಗಳಲ್ಲಿ ಸಿಡುಬು, ಜ್ವರ, ಹೆರಿಗೆ ಸಾವು ಎಲ್ಲವೂ ಇದ್ದವು. ಕಾಯಿಲೆಗೆ ಹರಕೆ ಹೊರುವುದು ಇತ್ತು. ಹೆತ್ತೆಯಮ್ಮನಿಗೆ ಕಾಣಿಕೆ ಒಪ್ಪಿಸುವುದು ಇಂದಿಗೂ ಇದೆ, ನಮ್ಮ ನೆಂಟರಲ್ಲೇ ಒಪ್ಪಿಸುವವರಿದ್ದಾರೆ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಮಿಶನರಿ ಬರಹಗಳ ಧಾಟಿ ನನಗೆ ಬೇಡ. ನನಗೆ ಬೇಕಾಗಿರುವುದು ಇಷ್ಟು: ಹರಕೆ ಹೊತ್ತೂ ಕಾಯಿಲೆ ಹೋಗದಿದ್ದಾಗ ಏನಾಗುತ್ತಿತ್ತು?

ಕೆಲವೊಮ್ಮೆ ತಪ್ಪಿತಸ್ಥರನ್ನು ಹುಡುಕುತ್ತಿದ್ದರು. ಕಾಡಿನಂಚಿನ ಕುರುಂಬರು ಮಾಟ ಮಾಡುತ್ತಾರೆ ಅನ್ನುವ ಭಯ ಬಡಗರಲ್ಲೂ ತೊದವರಲ್ಲೂ ಬಲವಾಗಿತ್ತು. 1835ರಲ್ಲಿ ಈ ಭಯದಿಂದಲೇ ಹಲವಾರು ಕುರುಂಬರ ಕೊಲೆ ಆದದ್ದು ಬ್ರಿಟಿಷರ ಕಾಲದ ದಾಖಲೆಗಳಲ್ಲಿದೆ. ಅದು ಅದೊಂದೇ ಸಲ ಆದದ್ದೂ ಅಲ್ಲ. ಇದನ್ನು ನಮ್ಮವರೇ ಹೇಳಬೇಕು, ಆದ್ದರಿಂದ ಹೇಳ್ತಿದ್ದೀನಿ. ಗುಣವಾಗದ ಕಾಯಿಲೆಗೆ ಒಬ್ಬ ತಪ್ಪಿತಸ್ಥ ಬೇಕೇ ಬೇಕು ಅಂದುಕೊಂಡರೆ, ಕೊನೆಗೆ ಎಲ್ಲರಿಗಿಂತ ದುರ್ಬಲರ ತಲೆಗೇ ಅದು ಬಂದು ಬೀಳುತ್ತದೆ.

ಇದೇ ಸಮುದಾಯದಲ್ಲಿ ಇನ್ನೊಂದು ವಿಧಿಯೂ ಇತ್ತು. ಸಾವಿನ ದಿನ ಹಿರಿಯರೊಬ್ಬರು ಪಾಪಗಳ ದೊಡ್ಡ ಪಟ್ಟಿಯೊಂದನ್ನು ಹೇಳಿ, ಅವೆಲ್ಲ ಒಂದು ಕರುವಿನ ಮೇಲೆ ಹೋಗಲಿ, ಸತ್ತವರ ದಾರಿ ಸುಗಮವಾಗಲಿ ಅನ್ನುತ್ತಿದ್ದರು. 19ನೇ ಶತಮಾನದ ಬರಹಗಳಲ್ಲಿ ಇದರ ವಿವರ ಸಿಗುತ್ತದೆ. ನನಗೆ ಮುಖ್ಯ ಅನ್ನಿಸಿದ್ದು, ಆ ಪಟ್ಟಿ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಒಳ್ಳೆಯವರು ಸತ್ತರೂ ಅದೇ ಪಟ್ಟಿ. ಅದರಲ್ಲಿ ಹಿಂದಿನ ತಲೆಮಾರಿನವರ ತಪ್ಪುಗಳೂ ಸೇರುತ್ತವೆ. ಅಂದರೆ ಇಂಥವನು ಇಂಥ ಪಾಪ ಮಾಡಿದ್ದಕ್ಕೇ ಸತ್ತ ಅನ್ನುವ ಆರೋಪ ಅಲ್ಲಿಲ್ಲ. ಮನುಷ್ಯರಾದವರೆಲ್ಲರ ಸಾಲವನ್ನು ಊರೇ ನಿಂತು ತೀರಿಸುವುದು ಅದು. ಹೀಗೆ ಬೆಟ್ಟದಲ್ಲಿ ಎರಡು ದಾರಿ ಇದ್ದವು. ಒಂದು ಆರೋಪ ಹೊರಿಸುವುದು, ಇನ್ನೊಂದು ಹೊರೆ ಇಳಿಸುವುದು. ಕ್ರೈಸ್ತ ನಂಬಿಕೆ ಬಂದಾಗ ಅದು ಇವೆರಡರಲ್ಲಿ ಯಾವುದರ ಜೊತೆ ಸೇರಿತು?

3. ಪ್ರಾರ್ಥನೆ ಕಲಿಸಿದವರ ಮನೆಯ ಸಾವುಗಳು

ಈ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ಭಕ್ತಿಪಂಥದವರು. ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನುವುದು ಅವರಿಗೆ ದೂರದ ಮಾತಲ್ಲ. ಗುಣಪಡಿಸುವ ಪ್ರಾರ್ಥನೆಗೆ ಯುರೋಪಿನಲ್ಲೇ ಹೆಸರಾದ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ 1830ರಿಂದ 1837ರವರೆಗೆ ಬಾಸೆಲ್ ಮಿಶನ್ ಶಾಲೆಯಲ್ಲೇ ಪಾಠ ಹೇಳಿದವರು. ಮೋಗ್ಲಿಂಗ್ ಅಲ್ಲಿಂದ ಭಾರತಕ್ಕೆ ಹೊರಟದ್ದು 1836ರಲ್ಲಿ. ಬ್ಲೂಮ್‌ಹಾರ್ಟ್ ಆಮೇಲೆ ಮೊಟ್ಲಿಂಗನ್ ಎಂಬ ಹಳ್ಳಿಯಲ್ಲಿ ಗಾಟ್ಲೀಬಿನ್ ಡಿಟುಸ್ ಎಂಬ ಹೆಂಗಸಿಗಾಗಿ ಎರಡು ವರ್ಷ ಪ್ರಾರ್ಥಿಸಿದರು, ಆಕೆ ಗುಣವಾದಳು. 1852ರಿಂದ ಬಾಡ್ ಬೋಲ್‌ನಲ್ಲಿ ಅವರ ಬಳಿಗೆ ರೋಗಿಗಳು ಸಾಲುಗಟ್ಟಿ ಬಂದರು. ಬಂದವರೆಲ್ಲ ಗುಣವಾಗಿ ಹೋಗಲಿಲ್ಲ.

ಈಗ ಕನ್ನಡ ನಾಡಿನ ಕಡೆ ನೋಡಿ. ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ವಿಧವೆ ಪೌಲೀನರನ್ನು 1856ರಲ್ಲಿ ಮೋಗ್ಲಿಂಗ್ ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆಯ ಅನಾರೋಗ್ಯದಿಂದ ಮೋಗ್ಲಿಂಗ್ ಕನ್ನಡ ನಾಡನ್ನೇ ಬಿಟ್ಟು ಹೋಗಬೇಕಾಯಿತು. ನಮ್ಮ ನಿಘಂಟಿನ ಕಿಟೆಲ್ ಅವರ ಮೊದಲ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಇವರೆಲ್ಲ ಪ್ರಾರ್ಥಿಸದೇ ಇದ್ದವರಾ? ಇವರ ಮನೆಯಲ್ಲಿ ‘ನಂಬಿಕೆ ಸಾಲದವರು’ ಯಾರು? ಹಾಗೆ ಕೇಳಿದ ತಕ್ಷಣ ಆ ಪ್ರಶ್ನೆಯೇ ಎಷ್ಟು ಪೊಳ್ಳು ಅನ್ನುವುದು ಗೊತ್ತಾಗುತ್ತದೆ.

ಗುಣ ಸಿಗದಿದ್ದಾಗ ಅವರು ಏನು ಮಾಡಿದರು ಅನ್ನುವುದಕ್ಕೆ ಅವರ ಕೆಲಸವೇ ಸಾಕ್ಷಿ. ಕಿಟೆಲ್ ನಿಘಂಟಿಗೆ ಮರಳಿದರು, 1894ರಲ್ಲಿ ಅದು ಬಂತು. ಮಿಶನ್ ವೈದ್ಯರನ್ನು ಕಳಿಸಿತು. 1886ರಲ್ಲಿ ಲೀಬೆನ್‌ಡಾರ್ಫರ್ ಎಂಬ ವೈದ್ಯರು ಕಲ್ಲಿಕೋಟೆಯಲ್ಲಿ ಚಿಕಿತ್ಸೆ ಶುರು ಮಾಡಿದರು. ಪ್ರಾರ್ಥನೆ ಮತ್ತು ಔಷಧಿ ಒಂದಕ್ಕೊಂದು ಎದುರು ನಿಲ್ಲಬೇಕಾಗಿಲ್ಲ ಅನ್ನುವುದು ಆ ಹೊತ್ತಿಗೆ ಮಿಶನ್ನಿನ ನಡೆಯಲ್ಲೇ ಕಾಣುತ್ತದೆ. ಮಾತ್ರೆ ನುಂಗುವುದು ಅಪನಂಬಿಕೆ ಅನ್ನುವ ಮಾತು ಈಗಲೂ ಕಿವಿಗೆ ಬೀಳುವುದರಿಂದ ಇದನ್ನು ಒತ್ತಿ ಹೇಳ್ತಿದ್ದೀನಿ.

4. ಬಡಗು ಲೂಕ

1890ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಲೂಕನ ಸುವಾರ್ತೆ ಬಡಗು ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬಂತು. ಲೂಕ ಸ್ವತಃ ವೈದ್ಯ ಅನ್ನುವುದು ಸಭೆಯ ಹಳೆಯ ನಂಬಿಕೆ. ಅವನ ಪುಸ್ತಕದ ತುಂಬ ಗುಣವಾದವರ ಕಥೆಗಳಿವೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು, ಹತ್ತು ಮಂದಿ ಕುಷ್ಠರೋಗಿಗಳು, ನಾಯಿನಿನ ವಿಧವೆಯ ಮಗ. ಸ್ವಸ್ಥತೆಯ ಸಭೆಗಳಲ್ಲಿ ಇವೇ ಕಥೆಗಳನ್ನು ಹೇಳುವುದು. ಆದರೆ ಇದೇ ಪುಸ್ತಕದಲ್ಲಿ, ಬಡಗು ಬಲ್ಲವರ ಕೈಯಲ್ಲಿ ಆಗಲೇ ಇದ್ದ ಮೂರು ಭಾಗಗಳನ್ನು ಯಾರೂ ಅಷ್ಟಾಗಿ ತೆಗೆಯುವುದಿಲ್ಲ.

ಮೊದಲನೆಯದು ನಾಲ್ಕನೇ ಅಧ್ಯಾಯ. ಯೇಸು ತನ್ನೂರಿನ ಸಭಾಮಂದಿರದಲ್ಲಿ ಎಲೀಷನ ಕಾಲವನ್ನು ನೆನಪಿಸುತ್ತಾನೆ. ಆಗ ಇಸ್ರಾಯೇಲಿನಲ್ಲಿ ಕುಷ್ಠರೋಗಿಗಳು ಬಹಳ ಮಂದಿ ಇದ್ದರು, ಶುದ್ಧನಾದದ್ದು ಹೊರನಾಡಿನ ನಾಮಾನ ಒಬ್ಬನೇ. ಉಳಿದವರಿಗೆ ನಂಬಿಕೆ ಇರಲಿಲ್ಲ ಅಂತ ಅಲ್ಲಿ ಹೇಳಿಲ್ಲ. ಯಾಕೆ ಅಂತಲೂ ಹೇಳಿಲ್ಲ. ಕೇಳಿದ ಜನ ಸಿಟ್ಟಾಗಿ ಅವನನ್ನು ಗುಡ್ಡದಿಂದ ತಳ್ಳಲು ಹೊರಟರು. ಎರಡನೆಯದು ಹದಿಮೂರನೇ ಅಧ್ಯಾಯ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರೇನು ಊರಿನ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರಾ ಅಂತ ಯೇಸುವೇ ಕೇಳಿ, ಅಲ್ಲ ಅನ್ನುತ್ತಾನೆ. ನಮ್ಮ ಕರುವಿನ ಪಟ್ಟಿ ಎಲ್ಲರಿಗೂ ಒಂದೇ ಅಂದೆನಲ್ಲ, ಅದನ್ನು ಕೇಳಿ ಬೆಳೆದವರಿಗೆ ಈ ಮಾತು ಹೊಸದಾಗಿ ಕೇಳಿಸಿರಲಿಕ್ಕಿಲ್ಲ ಅನ್ನುವುದು ನನ್ನ ಊಹೆ. ಮೂರನೆಯದು ಇಪ್ಪತ್ತೆರಡನೇ ಅಧ್ಯಾಯ. ಹಿಡಿದುಕೊಡುವ ರಾತ್ರಿ ಎಣ್ಣೆಮರಗಳ ಗುಡ್ಡದಲ್ಲಿ ಯೇಸು ತನ್ನ ಪಾತ್ರೆ ತಪ್ಪಲಿ ಅಂತ ಕೇಳಿಕೊಂಡ. ತಪ್ಪಲಿಲ್ಲ. ಕೇಳಿದ್ದು ಸಿಗದವರ ಸಾಲಿನಲ್ಲಿ ಅವನೇ ಮೊದಲು ನಿಂತಿರುವಾಗ, ಗುಣವಾಗದ ರೋಗಿಗೆ ನಂಬಿಕೆ ಸಾಲದು ಅನ್ನುವುದು ಹೇಗೆ?

5. ಎರಡು ಪದಗಳು

ಭಾಷೆಯ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ಹಳೆಯ ಕನ್ನಡ ಬೈಬಲ್ ಆಯ್ದುಕೊಂಡ ಪದ ‘ನಂಬಿಕೆ’. ವಚನಕಾರರೂ ಹರಿದಾಸರೂ ಬಳಸಿ ಬಳಸಿ ನುಣುಪಾದ ಪದ ಅದು. ಕನ್ನಡದಲ್ಲಿ ನಾವು ಯಾರನ್ನಾದರೂ ನಂಬುತ್ತೇವೆ. ಎಷ್ಟು ಸೇರು ನಂಬಿದೆ ಅಂತ ಯಾರೂ ಅಳೆಯುವುದಿಲ್ಲ. ಹರಕೆಗೆ ಮಾತ್ರ ಲೆಕ್ಕ ಇದೆ, ಹೊತ್ತದ್ದು ಇಷ್ಟು, ತೀರಿಸಿದ್ದು ಇಷ್ಟು. ‘ನಂಬಿಕೆ ಸಾಲದು’ ಅನ್ನುವವರು ನಂಬಿಕೆಯನ್ನು ಹರಕೆಯ ತಕ್ಕಡಿಗೆ ಹಾಕುತ್ತಾರೆ. ಹರಕೆ ಹೊತ್ತವರಿಗಾದರೂ ತೀರಿಸಿದ ಮೇಲೆ ನೆಮ್ಮದಿ ಇರುತ್ತದೆ. ಈ ಲೆಕ್ಕಕ್ಕೆ ಕೊನೆಯೇ ಇಲ್ಲ. ಹಿಂದೆ ತಪ್ಪಿತಸ್ಥನನ್ನು ಕಾಡಿನಂಚಿನಲ್ಲಿ ಹುಡುಕಿದರು, ಈಗ ರೋಗಿಯ ಹಾಸಿಗೆಯ ಪಕ್ಕದಲ್ಲೇ ಹುಡುಕುತ್ತಾರೆ. ಹುಡುಕಾಟ ಮಾತ್ರ ಅದೇ.

ಮುಗಿಸುವ ಮುಂಚೆ ಒಂದು ವಿಷಯ. ಕಳೆದ ರಜೆಯಲ್ಲಿ ಅಜ್ಜಿಯ ಬೈಬಲ್ ತೆಗೆದು ಅವ್ವೆಗೆ ಎಂಬತ್ತೆಂಟನೇ ಕೀರ್ತನೆ ಓದಿದೆ. ನರಳುವವನೊಬ್ಬ ದೇವರನ್ನೇ ದೂರುವ ಕೀರ್ತನೆ ಅದು. ಸಮಾಧಾನದ ಒಂದು ಮಾತೂ ಬರದೆ ಕತ್ತಲೆಯಲ್ಲೇ ಮುಗಿಯುತ್ತದೆ. ಬೈಬಲ್‌ನಲ್ಲಿ ಇಂಥದ್ದೂ ಇದೆಯಾ ಅಂತ ಅವ್ವೆ ಕೇಳಿದಳು. ಇದೆ ಅಂದೆ. ಅಪ್ಪ ಹೋದ ಮೇಲೂ ಯಾಕೆ ಪ್ರತಿ ವಾರ ಗುಡಿಗೆ, ನಾವು ಚರ್ಚಿಗೆ ಹಾಗೇ ಅನ್ನುವುದು, ಹೋಗ್ತೀಯ ಅಂತ ಅವತ್ತೇ ಮೊದಲ ಸಲ ಕೇಳಿದೆ. “ಕೇಳಿದ್ದು ಕೊಡಲಿಲ್ಲ ಅಂತ ಮಾತು ಬಿಡೋಕಾಗುತ್ತಾ? ಆಮೇಲೆ ಜಗಳ ಆಡೋದು ಯಾರ ಹತ್ರ?” ಅಂದಳು.

ಅಪ್ಪ ಯಾಕೆ ಗುಣವಾಗಲಿಲ್ಲ ಅನ್ನುವುದಕ್ಕೆ ಈ ಪ್ರಬಂಧದಲ್ಲಿ ಉತ್ತರ ಇಲ್ಲ. ಅದು ಅವ್ವೆಯ ತಪ್ಪಲ್ಲ ಅನ್ನುವುದಕ್ಕೆ ಮಾತ್ರ ನಮ್ಮದೇ ಬೆಟ್ಟದಲ್ಲಿ, ನಮ್ಮದೇ ಲಿಪಿಯಲ್ಲಿ, ನೂರು ವರ್ಷಕ್ಕೂ ಹಿಂದಿನಿಂದ ಆಧಾರ ಇದೆ. ಆ ಲಿಪಿ ಓದುವುದು ನಮಗೆ ಮರೆತುಹೋಗಿತ್ತು, ಅಷ್ಟೇ. ಅವ್ವೆ ಈಗ ರಾತ್ರಿ ಊಟ ಮಾಡ್ತಾಳೆ.