ಬೆಳಕಿಗೆ ಒಂದೇ ದಿಕ್ಕು ನೀಡುವ ಬೆಳ್ಳಿಯ ಕಣಗಳು

ಬೆಳಕು ತರಂಗರೂಪಿ. ಅದರ ಕಂಪನ ಸಾಗುವ ದಿಕ್ಕಿಗೆ ಅಡ್ಡಲಾಗಿ ನಡೆಯುತ್ತದೆ. ಸೂರ್ಯನ ಬೆಳಕಿನಲ್ಲಿ ಈ ಕಂಪನ ಎಲ್ಲ ಅಡ್ಡ ದಿಕ್ಕುಗಳಲ್ಲಿಯೂ ಇರುತ್ತದೆ. ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುವುದೇ ಧ್ರುವೀಕರಣ. ನೀರು, ರಸ್ತೆಗಳಿಂದ ಪ್ರತಿಫಲಿಸುವ ಪ್ರಖರತೆಯನ್ನು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಇದಕ್ಕೆ ಪರಿಚಿತ ಉದಾಹರಣೆ. ಇದೇ ಕಾರ್ಯವನ್ನು ಕೂದಲೆಳೆಗಿಂತ ಕಿರಿದಾದ ಬೆಳಕಿನ ಹಾದಿಯಲ್ಲಿ ಸಾಧಿಸಲು ಲೋಹದ ನ್ಯಾನೊ ಕಣಗಳು ನೆರವಾಗುತ್ತವೆ.

ಅಗತ್ಯವೇಕೆ?

ಬೆಳಕನ್ನು ಗಾಜಿನಂತಹ ವಸ್ತುವಿನ ಸೂಕ್ಷ್ಮ ಕಾಲುವೆಯಲ್ಲಿ ಹರಿಸುವ ರಚನೆಗೆ ವೇವ್‌ಗೈಡ್ ಎಂದು ಹೆಸರು. ಆಪ್ಟಿಕಲ್ ಫೈಬರ್ ಕೂಡ ಇದರದೇ ಒಂದು ರೂಪ. ವಿಮಾನದ ತಿರುಗುವಿಕೆಯನ್ನು ಅಳೆಯುವ ಫೈಬರ್ ಗೈರೋಸ್ಕೋಪ್‌ನಲ್ಲಿ ಎರಡು ಕಿರಣಗಳು ಒಂದೇ ಸುರುಳಿಯಲ್ಲಿ ಪರಸ್ಪರ ವಿರುದ್ಧವಾಗಿ ಸಾಗುತ್ತವೆ. ಕಂಪನದ ದಿಕ್ಕು ಬೇರೆಯಾದರೆ ಅವುಗಳ ವೇಗವೂ ತುಸು ಬೇರೆಯಾಗುತ್ತದೆ. ಆಗ ನೇರವಾಗಿ ಹಾರುತ್ತಿರುವ ವಿಮಾನವೂ ತಿರುಗುತ್ತಿದೆಯೆಂದು ಉಪಕರಣ ತಪ್ಪಾಗಿ ಸೂಚಿಸಬಹುದು. ಆದ್ದರಿಂದಲೇ ಧ್ರುವೀಕರಣ ಇಲ್ಲಿ ಅನಿವಾರ್ಯ.

ಕಾರ್ಯವಿಧಾನ

ಬೆಳಕು ತಾಗಿದಾಗ ಬೆಳ್ಳಿಯ ಕಣದಲ್ಲಿರುವ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುತ್ತವೆ. ಇದಕ್ಕೆ ಪ್ಲಾಸ್ಮಾನ್ ಅನುರಣನ ಎನ್ನುತ್ತಾರೆ. ದುಂಡಗಿನ ಕಣವು ಸುಮಾರು 400 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕನ್ನು ಹೀರುತ್ತದೆ. ಅಂತಹ ಕಣಗಳಿರುವ ಗಾಜು ಹಳದಿಯಾಗಿ ಕಾಣುವುದು ಇದೇ ಕಾರಣಕ್ಕೆ. ಕಣವನ್ನು ಅಕ್ಕಿಕಾಳಿನಂತೆ ನೀಳವಾಗಿಸಿದರೆ, ಉದ್ದದ ದಿಕ್ಕಿನ ಅನುರಣನವು ಅವಕೆಂಪಿನತ್ತ ಸರಿಯುತ್ತದೆ. ಕಣವನ್ನು ಇನ್ನಷ್ಟು ನೀಳವಾಗಿಸಿ, ದೂರಸಂಪರ್ಕದಲ್ಲಿ ಬಳಸುವ 1310 ಅಥವಾ 1550 ನ್ಯಾನೊಮೀಟರ್‌ಗೂ ಅದನ್ನು ಹೊಂದಿಸಬಹುದು. ಆಗ ಉದ್ದಕ್ಕೆ ಕಂಪಿಸುವ ಬೆಳಕು ನಷ್ಟವಾಗುತ್ತದೆ, ಅಡ್ಡಲಾಗಿ ಕಂಪಿಸುವ ಬೆಳಕು ಬಹುಪಾಲು ಪಾರಾಗುತ್ತದೆ.

ತಯಾರಿಕೆ

ಬೆಳ್ಳಿಯ ಲವಣದ ಕಣಗಳಿರುವ ಗಾಜನ್ನು ಕಾಯಿಸಿ ಎಳೆದು, ಬಳಿಕ ಹೈಡ್ರೋಜನ್ ಅನಿಲದಲ್ಲಿ ಸಂಸ್ಕರಿಸುವುದು ಒಂದು ವಿಧಾನ. ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಪೋಲಾರ್‌ಕೋರ್ ಗಾಜು ಇದಕ್ಕೆ ನಿದರ್ಶನ. ಎಲೆಕ್ಟ್ರಾನ್ ಕಿರಣದ ನೆರವಿನಿಂದ ವೇವ್‌ಗೈಡ್‌ನ ಮೇಲೆಯೇ ಕಣಗಳ ಸಾಲನ್ನು ಮೂಡಿಸುವುದು ಮತ್ತೊಂದು. ಹಾದಿಯಲ್ಲಿ ಸಾಗುವ ಬೆಳಕಿನ ಒಂದಂಶ ಹೊರಮೈಯಾಚೆಗೂ ಚಾಚಿಕೊಂಡಿರುವುದರಿಂದ ಕಣಗಳು ಅದನ್ನು ಅಲ್ಲಿಯೇ ಹಿಡಿಯುತ್ತವೆ.

ಲಾಭ, ಮಿತಿ

ವೇವ್‌ಗೈಡ್‌ಗೆ ಲೋಹದ ತೆಳುಪದರ ಹಚ್ಚುವುದು ಹಳೆಯ ಕ್ರಮ. ಅದು ಮುಖ್ಯವಾಗಿ ಮೇಲ್ಮೈಗೆ ಲಂಬವಾದ ಕಂಪನವನ್ನು ಹೀರುತ್ತದೆ. ಕಣಗಳ ವಿಷಯದಲ್ಲಿ ಹಾಗಲ್ಲ. ಯಾವ ದಿಕ್ಕು, ಯಾವ ತರಂಗಾಂತರ ಎಂಬುದನ್ನು ಅವುಗಳ ಆಕಾರ ಮತ್ತು ಜೋಡಣೆಯಿಂದ ನಿರ್ಧರಿಸಬಹುದು. ಆದರೆ ಹೀರಿದ ಬೆಳಕು ಶಾಖವಾಗುತ್ತದೆ, ಬೇಕಾದ ಬೆಳಕೂ ಸ್ವಲ್ಪ ನಷ್ಟವಾಗುತ್ತದೆ. ಕಣಗಳ ಗಾತ್ರ ಏಕರೂಪವಾಗಿಲ್ಲದಿದ್ದರೆ ಅನುರಣನವೂ ಹರಡಿಹೋಗುತ್ತದೆ. ಈ ನಷ್ಟವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದರ ಮೇಲೆಯೇ ಈ ತಂತ್ರದ ಉಪಯುಕ್ತತೆ ನಿಂತಿದೆ.